ಮೇರಿ ಮೇರಿ ಅವರ 'ಥ್ಯಾಂಕ್‌ಫುಲ್': ಆ ಬೀಟ್ ಚರ್ಚ್‌ನದೇ ಅಲ್ವಾ?

ಆರ್ಗನ್_ಪ್ರಿಯ

2000ದ ಮೇ ತಿಂಗಳಲ್ಲಿ ಬಂದ, ಅಮೆರಿಕದ ಗಾಸ್ಪೆಲ್ (ಚರ್ಚ್ ಭಕ್ತಿಗೀತೆ) ಜೋಡಿ ಮೇರಿ ಮೇರಿ ಅವರ 'ಥ್ಯಾಂಕ್‌ಫುಲ್' ಆಲ್ಬಂ ಬಗ್ಗೆ ಮಾತಾಡೋಣ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ. ಇದರ ಸುದ್ದಿ ಎಲ್ಲಿ ಬಂದರೂ ಒಂದೇ ಮಾತು ಕಿವಿಗೆ ಬೀಳುತ್ತದೆ. 'ಚರ್ಚ್ ಹಾಡಿಗೆ ಕ್ಲಬ್ ಬೀಟ್ ಹಾಕಿದರು.' ಹೊಗಳುವವರೂ ಇದನ್ನೇ ಹೇಳುತ್ತಾರೆ, ಬೈಯುವವರೂ ಇದನ್ನೇ ಹೇಳುತ್ತಾರೆ. ನನಗೆ ಇದು ತಿರುಗುಮುರುಗಾದ ಮಾತು ಅನ್ನಿಸುತ್ತದೆ. ಆ ಬೀಟ್ ಹುಟ್ಟಿದ್ದೇ ಆಫ್ರಿಕನ್ ಅಮೆರಿಕನ್ ಚರ್ಚ್‌ಗಳಲ್ಲಿ. ಅಲ್ಲಿಂದ ಕ್ಲಬ್‌ಗೆ ಹೋಯಿತು. ಈ ಇಬ್ಬರು ಹೆಣ್ಣುಮಕ್ಕಳು ತಮ್ಮದನ್ನು ತಾವು ತೆಗೆದುಕೊಂಡರು, ಅಷ್ಟೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಎರಿಕಾ ಮತ್ತು ಟೀನಾ ಅಟ್ಕಿನ್ಸ್ ಅಕ್ಕತಂಗಿ. ಕ್ಯಾಲಿಫೋರ್ನಿಯಾದ ಇಂಗಲ್‌ವುಡ್‌ನವರು. ತುಂಬಿದ ಮನೆ, ಎಲ್ಲ ಮಕ್ಕಳೂ ಚರ್ಚ್‌ನ ಹಾಡುಗಾರರ ತಂಡವಾದ ಕಾಯರ್‌ನಲ್ಲಿ ಹಾಡಿಕೊಂಡೇ ಬೆಳೆದವರು. ಇವರ ಸಭೆ ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್ ಅನ್ನೋ ಪಂಗಡದ್ದು. ದೊಡ್ಡವರಾದ ಮೇಲೆ ಇಬ್ಬರೂ ಆರ್ ಅಂಡ್ ಬಿ ಗಾಯಕರ ಹಿಂದೆ ನಿಂತು ಕೋರಸ್ ಹಾಡಿ ಹೊಟ್ಟೆ ಹೊರೆದರು. ಆಗ ಸಿಕ್ಕವರು ವಾರಿನ್ ಕ್ಯಾಂಪ್‌ಬೆಲ್. ಇವರೂ ಚರ್ಚ್‌ನಲ್ಲೇ ಬೆಳೆದು ಸ್ಟುಡಿಯೋಗೆ ಬಂದ ಪ್ರೊಡ್ಯೂಸರ್. (ಮುಂದೆ 2001ರಲ್ಲಿ ಎರಿಕಾ ಅವರನ್ನೇ ಮದುವೆಯಾದರು.) ಮೇರಿ ಮೇರಿ ಅನ್ನೋ ಹೆಸರು ಬೈಬಲ್‌ನ ಇಬ್ಬರು ಮರಿಯರಿಂದ ಬಂದದ್ದು, ಯೇಸುವಿನ ತಾಯಿ ಮರಿಯಳು ಮತ್ತು ಮಗ್ದಲದ ಮರಿಯಳು.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಈ ಆಲ್ಬಂಗಿಂತ ಎರಡು ವರ್ಷ ಮೊದಲೇ, 1998ರ 'ಡಾಕ್ಟರ್ ಡೂಲಿಟಲ್' ಸಿನಿಮಾದ ಆಲ್ಬಂನಲ್ಲಿ ಇವರು ರಾಬಿನ್ ಎಸ್ ಜೊತೆ ಹಾಡಿದ್ದರು. ರಾಬಿನ್ ಎಸ್ ಅಂದರೆ ಕ್ಲಬ್‌ಗಳ ಡಾನ್ಸ್ ಸಂಗೀತವಾದ ಹೌಸ್ ಮ್ಯೂಸಿಕ್‌ನ ದೊಡ್ಡ ದನಿ. ಹಾಗಾಗಿ ಡಾನ್ಸ್ ಸಂಗೀತ ಇವರಿಗೆ ರೆಕಾರ್ಡ್ ಕಂಪನಿಯವರು ಹೇಳಿಕೊಟ್ಟದ್ದಲ್ಲ.

ಇನ್ನು ಈ ಆಲ್ಬಂನ 'ಶ್ಯಾಕಲ್ಸ್' (ಸಂಕೋಲೆಗಳು) ಅನ್ನೋ ಹಾಡು. ಅದು ಪಲ್ಲವಿಯಿಂದಲೇ ಶುರುವಾಗುತ್ತದೆ. ನನ್ನ ಕಾಲಿನ ಸಂಕೋಲೆ ಬಿಡಿಸು, ಕುಣಿಯಬೇಕು, ನಿನ್ನನ್ನು ಸ್ತುತಿಸಬೇಕು ಅಂತ. ಪೀಠಿಕೆ ಇಲ್ಲ, ನಿಧಾನವಾಗಿ ಏರುವುದಿಲ್ಲ, ನೇರ ಬೇಡಿಕೆ. ಚರಣಕ್ಕೆ ಬಂದ ಮೇಲೆ ಸ್ವರ ಸ್ವಲ್ಪ ಕೆಳಗಿಳಿಯುತ್ತದೆ, ಬಿಡುಗಡೆ ಸಿಗುತ್ತದೆ ಅಂತ ನಂಬೋಕೆ ನನಗೆ ಒಂದು ಕಾರಣವೂ ಕಾಣುತ್ತಿಲ್ಲ ಅನ್ನೋ ಅರ್ಥದ ಸಾಲು ಅಲ್ಲಿದೆ. ಇಷ್ಟು ಕತ್ತಲೆಯ ಮಾತನ್ನು ಇಷ್ಟು ಗಟ್ಟಿ ಬೀಟ್ ಮೇಲೆ ಇಟ್ಟದ್ದೇ ಈ ಹಾಡಿನ ಜೀವ. ಬೀಟ್ ತೆಗೆದರೆ ಅದು ಅಳು ಆಗುತ್ತದೆ. ಸಾಹಿತ್ಯ ತೆಗೆದರೆ ಬರೀ ಪಾರ್ಟಿ ಹಾಡು. ಎರಡೂ ಸೇರಿದಾಗ ಪ್ರಾರ್ಥನೆ.

ನಿಮ್ಮೆಲ್ಲರ ಅಭಿಪ್ರಾಯ ಕೇಳಬೇಕು. ಒಪ್ಪದವರು ದಯವಿಟ್ಟು ಬಿಡಿಸಿ ಬರೆಯಿರಿ.

ಹಳೇ_ಕ್ಯಾಸೆಟ್

ಒಳ್ಳೇ ವಿಷಯ ತೆಗೆದಿರಿ ಸರ್. 'ಶ್ಯಾಕಲ್ಸ್' ನನ್ನ ಹತ್ತಿರ ಬಂದದ್ದು ಪಾಪ್ ಹಾಡಾಗಿ. ಟಿವಿಯಲ್ಲಿ ಬರುತ್ತಿತ್ತು, ಹಿಂದೆ ಮುಂದೆ ಬರುತ್ತಿದ್ದ ಹಾಡುಗಳ ಜೊತೆ ಸರಿಯಾಗಿ ಕೂತುಕೊಳ್ಳುತ್ತಿತ್ತು. ಬ್ರಿಟನ್ ಚಾರ್ಟ್‌ನಲ್ಲಿ 5ನೇ ಸ್ಥಾನ, ಅಮೆರಿಕದ ಹಾಟ್ 100ರಲ್ಲಿ 28ನೇ ಸ್ಥಾನ. ಗಾಸ್ಪೆಲ್ ಹಾಡಿಗೆ ಇದು ಸಣ್ಣ ವಿಷಯ ಅಲ್ಲ.

ಆದರೆ ನನ್ನ ಪ್ರಶ್ನೆ ಇಲ್ಲೇ ಇದೆ. ಪಲ್ಲವಿಯಲ್ಲಿ ಬರೀ 'ನೀನು' ಅಂತ ಇದೆ. ಯಾರು ಆ ನೀನು? ಪ್ರಿಯಕರನೂ ಆಗಬಹುದು ಅಲ್ವಾ? ರೇಡಿಯೋದವರಿಗೆ ಅನುಕೂಲ ಆಗಲಿ ಅಂತ ಬೇಕಂತಲೇ ಹಾಗೆ ಬರೆದರು ಅಂತ ಆಗಲೂ ದೂರು ಇತ್ತು. ದೇವರ ಹೆಸರು ಹೇಳೋಕೆ ಹಿಂಜರಿದರೆ ಅದು ಗಾಸ್ಪೆಲ್ ಹೇಗಾಗುತ್ತದೆ?

ಆರ್ಗನ್_ಪ್ರಿಯ

ಮಧ್ಯದ ಭಾಗ ಇನ್ನೊಮ್ಮೆ ಕೇಳಿ ಸರ್. ಬೆಂಕಿಯಲ್ಲೂ ಮಳೆಯಲ್ಲೂ ಹಾದು ಬಂದೆ, ಎಲ್ಲ ಥರದ ಕಟ್ಟಿಗೂ ಸಿಕ್ಕಿದ್ದೆ, ಆದರೆ ದೇವರು ಒಂದೊಂದು ಸರಪಳಿಯನ್ನೂ ಮುರಿದ ಅನ್ನೋ ಅರ್ಥ ಅಲ್ಲಿ ಬರುತ್ತದೆ. ದೇವರು ಅಂತಲೇ ಇದೆ, ಮುಚ್ಚುಮರೆ ಇಲ್ಲ. ಹಾಡು ಏರಿ ನಿಂತ ಜಾಗದಲ್ಲೇ ಆ ಹೆಸರು ಬರುತ್ತದೆ.

ಇನ್ನು ಪಲ್ಲವಿಯ 'ನೀನು'. ನಮ್ಮ ದಾಸರ ಪದಗಳಲ್ಲೂ ವಚನಗಳಲ್ಲೂ ನೀನು ಅಂತ ಏಕವಚನದಲ್ಲೇ ಕರೆಯುತ್ತಾರೆ, ಜಗಳ ಆಡುತ್ತಾರೆ, ಬೇಡುತ್ತಾರೆ. ಬೈಬಲ್‌ನ ಕೀರ್ತನೆಗಳೂ ಹಾಗೇ. ಹತ್ತಿರದವರನ್ನು ಕರೆಯುವ ರೀತಿ ಅದು.

ಡ್ರಮ್‌ಕಡ್ಡಿ_ಧಾರವಾಡ

ನಾನು ಚರ್ಚ್‌ನಲ್ಲಿ ಡ್ರಮ್ಸ್ ನುಡಿಸುವವನು. ತಾಳದ ಕಡೆಯಿಂದ ಒಂದಿಷ್ಟು ಹೇಳುತ್ತೇನೆ.

ಆಫ್ರಿಕನ್ ಅಮೆರಿಕನ್ ಗಾಸ್ಪೆಲ್‌ನಲ್ಲಿ ಚಪ್ಪಾಳೆ ಬೀಳೋದು ಎರಡನೇ ಮತ್ತು ನಾಲ್ಕನೇ ಮಾತ್ರೆಗೆ. ನಮ್ಮ ಭಜನೆಯಲ್ಲಿ ಮೊದಲ ಮಾತ್ರೆಗೆ ಕೈ ಬೀಳುತ್ತದೆ. ನಮ್ಮ ಯೂತ್ ಮೀಟಿಂಗ್‌ನಲ್ಲಿ 'ಶ್ಯಾಕಲ್ಸ್' ಹಾಡಿಸಿದರೆ ಅರ್ಧ ಜನ ಒಂದಕ್ಕೆ ತಟ್ಟುತ್ತಾರೆ, ಅರ್ಧ ಜನ ಎರಡಕ್ಕೆ ತಟ್ಟುತ್ತಾರೆ, ನಾನು ಸ್ನೇರ್ ಡ್ರಮ್ ಗಟ್ಟಿಯಾಗಿ ಹೊಡೆದು ಎಲ್ಲರನ್ನೂ ಒಂದು ದಾರಿಗೆ ತರಬೇಕು. ಆ ಎರಡು ನಾಲ್ಕರ ಪೆಟ್ಟೇ ಮುಂದೆ ಆರ್ ಅಂಡ್ ಬಿ ಆಯಿತು, ರಾಕ್ ಆಯಿತು, ಸೋಲ್ ಆಯಿತು.

ಇನ್ನೊಂದು, ವ್ಯಾಂಪ್. ಹಾಡಿನ ಕೊನೆಗೆ ಒಂದೇ ಸಾಲನ್ನು ಹಿಡಿದುಕೊಂಡು ಮತ್ತೆ ಮತ್ತೆ ಹಾಡುತ್ತಾರೆ, ಶ್ರುತಿ ಒಂದೊಂದು ಮೆಟ್ಟಿಲು ಮೇಲೇರುತ್ತದೆ, ಮುಖ್ಯ ಗಾಯಕಿ ಆ ಸಾಲಿನ ಮೇಲೆ ತನಗೆ ಬಂದದ್ದು ಹಾಡುತ್ತಾ ಹೋಗುತ್ತಾಳೆ, ಕಾಯರ್ ಮಾತ್ರ ಕದಲುವುದಿಲ್ಲ. ಡಿಜೆಗಳು ಒಂದು ತುಂಡನ್ನು ಲೂಪ್ ಮಾಡಿ ಜನರನ್ನು ಮೇಲೆ ಮೇಲೆ ಕರೆದುಕೊಂಡು ಹೋಗೋದು ಇದೇ ಕ್ರಮದಲ್ಲಿ. ಶಿಕಾಗೋದಲ್ಲಿ ಹೌಸ್ ಮ್ಯೂಸಿಕ್ ಬೆಳೆದಾಗ ಅಲ್ಲಿನ ಪಿಯಾನೋ ನಡೆ, ಗಾಯಕಿಯರ ಕೂಗು ಎಲ್ಲ ಗಾಸ್ಪೆಲ್‌ನದೇ. ಲೊಲೀಟಾ ಹಾಲೋವೇ ಹೆಸರು ಕೇಳಿರಬಹುದು. ಅವರ 1980ರ ಹಾಡಿನ ಕೂಗನ್ನು ಕತ್ತರಿಸಿ ಅಂಟಿಸಿಯೇ 1989ರಲ್ಲಿ 'ರೈಡ್ ಆನ್ ಟೈಮ್' ಅನ್ನೋ ಹಾಡು ಯುರೋಪಿನ ಕ್ಲಬ್‌ಗಳನ್ನೆಲ್ಲ ಕುಣಿಸಿತು. ಆ ಹಾಲೋವೇ ಅದಕ್ಕೂ ಮೊದಲು 'ಕ್ಯಾರವಾನ್ಸ್' ಅನ್ನೋ ಗಾಸ್ಪೆಲ್ ತಂಡದಲ್ಲಿದ್ದವರು. ಆರ್ಗನ್_ಪ್ರಿಯ ಹೇಳಿದ್ದು ನೂರಕ್ಕೆ ನೂರು ನಿಜ.

ನಮ್ಮಲ್ಲಿ ಮಾತ್ರ ಡ್ರಮ್ ಸೆಟ್ ತಂದ ದಿನದಿಂದ ಹಿರಿಯರ ಮುಖ ಬಿಗಿದೇ ಇದೆ. 'ಇದು ದೇವಾಲಯನಾ, ಆರ್ಕೆಸ್ಟ್ರಾನಾ' ಅಂತ ಕೇಳುತ್ತಾರೆ. ದಮ್ಮಡಿ ಬಡಿದು ಕುಣಿಯುತ್ತಾ ಸ್ತುತಿಸಿ ಅಂತ 150ನೇ ಕೀರ್ತನೆಯೇ ಹೇಳುತ್ತದಲ್ಲ ಅಂದರೆ ಮಾತು ಬದಲಾಯಿಸುತ್ತಾರೆ.

ಶಾಂತಿನಗರದ_ಅಕ್ಕ

ಧಾರವಾಡದ ತಮ್ಮಾ, ನಾನೂ ಆ ಹಿರಿಯರ ಸಾಲಿನವಳೇ. ನಮ್ಮ ಕಡೆ ಮಾತನ್ನೂ ಕೇಳಿ.

ಡ್ರಮ್ಸ್ ಪಾಪ ಅಂತ ನಾನು ಹೇಳುವುದಿಲ್ಲ. ಕೀರ್ತನೆ ನಾನೂ ಓದಿದ್ದೇನೆ. ದಾವೀದ ರಾಜನು ದೇವರ ಮಂಜೂಷದ ಮುಂದೆ ಕುಣಿದದ್ದು, ಅವನ ಹೆಂಡತಿ ಮೀಕಲಳು ಕಿಟಕಿಯಿಂದ ನೋಡಿ ಅವನನ್ನು ಹೀನೈಸಿದ್ದು ಎಲ್ಲ ಗೊತ್ತು. ನನ್ನ ನೋವು ಬೇರೆ. ಹಾಡುವವರು ಸಭೆಗೆ ಬೆನ್ನೆಲುಬಾಗಿ ನಿಲ್ಲಬೇಕು. ಈಗ ಹಾಡುವವರ ಮೇಲೆ ಲೈಟು, ಸಭೆ ಕತ್ತಲಲ್ಲಿ. ಮೈಕ್ ಸದ್ದಿಗೆ ಪಕ್ಕದಲ್ಲಿ ನಿಂತವರ ದನಿ ಕೇಳುವುದಿಲ್ಲ. ನನ್ನ ದನಿ ನನಗೇ ಕೇಳುವುದಿಲ್ಲ. ಆಗ ನಾನು ಆರಾಧಿಸುತ್ತಿದ್ದೇನೋ, ಕಾರ್ಯಕ್ರಮ ನೋಡುತ್ತಿದ್ದೇನೋ?

ಮೇರಿ ಮೇರಿ ಆಲ್ಬಂ ನನ್ನ ಮಗಳು ಹಾಕಿದ್ದಳು. ಹಾಡುಗಾರಿಕೆ ಅದ್ಭುತ. ಆದರೆ ಅದನ್ನು ಹೊರತಂದದ್ದು ಕೊಲಂಬಿಯಾದಂಥ ದೊಡ್ಡ ಕಂಪನಿ. ಡೆಸ್ಟಿನೀಸ್ ಚೈಲ್ಡ್ ಅನ್ನೋ ಪಾಪ್ ತಂಡದವರನ್ನು ಒಂದು ಹಾಡಿಗೆ ಕರೆಸಿದ್ದು ಮಾರಾಟದ ಲೆಕ್ಕ ಇಲ್ಲದೆ ಅಂತ ಯಾರಾದರೂ ನಂಬುತ್ತಾರಾ? ಬೀಟ್ ಯಾರದು ಅನ್ನೋದಕ್ಕಿಂತ ಹಾಡು ಯಾರ ಕೈಯಲ್ಲಿದೆ ಅನ್ನೋದು ನನಗೆ ದೊಡ್ಡ ಪ್ರಶ್ನೆ.

ಡಲ್ಲಾಸ್_ಕನ್ನಡಿಗ

ಅಕ್ಕಾ ನಮಸ್ಕಾರ. ನಾನು ಟೆಕ್ಸಸ್‌ನಲ್ಲಿ ಇದ್ದೇನೆ, ಆಫೀಸಿನ ಗೆಳೆಯರೊಬ್ಬರು ಅವರ ಚರ್ಚ್‌ಗೆ ಕರೆದುಕೊಂಡು ಹೋಗಿದ್ದರು. ಮೇರಿ ಮೇರಿ ಬೆಳೆದ ಅದೇ ಪಂಗಡದ ಸಭೆ. ನೀವು ಹೇಳಿದ ಕತ್ತಲು ಲೈಟಿನ ವಿಷಯ ಅಲ್ಲಿ ಇರಲೇ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಮುಂದಿನ ಬೆಂಚುಗಳಲ್ಲಿ ಬಿಳಿ ಬಟ್ಟೆ ಹಾಕಿದ ವಯಸ್ಸಾದ ತಾಯಂದಿರು, ಇಬ್ಬರ ಕೈಯಲ್ಲಿ ದಮ್ಮಡಿ. ಪಾಸ್ಟರ್ ಪ್ರಸಂಗ ಮಾಡುತ್ತಿದ್ದಾಗ ಹ್ಯಾಮಂಡ್ ಆರ್ಗನ್ ನುಡಿಸುವವರು ಸುಮ್ಮನಿರಲಿಲ್ಲ. ಪಾಸ್ಟರ್ ಒಂದು ಮಾತು ಹೇಳಿ ಉಸಿರು ತೆಗೆದುಕೊಂಡರೆ ಆರ್ಗನ್ ಆ ಜಾಗದಲ್ಲಿ ಒಂದು ಉತ್ತರ ಕೊಡುತ್ತಿತ್ತು. ಮಾತು ಏರಿದ ಹಾಗೆ ಆರ್ಗನ್ನೂ ಏರಿತು, ಕೊನೆಗೆ ಮಾತು ಯಾವಾಗ ಹಾಡಾಯಿತು ಅಂತ ನನಗೆ ಗೊತ್ತಾಗಲೇ ಇಲ್ಲ. ಆಮೇಲೆ ಡ್ರಮ್ಸ್ ಜೋರಾಗಿ ಓಡಲು ಶುರುವಾಯಿತು, ಬೇಸ್ ಗಿಟಾರ್ ಒಂದು ಕ್ಷಣ ನಿಲ್ಲದೆ ಮೇಲೆ ಕೆಳಗೆ ನಡೆದಾಡಿತು, ಆ ಬಿಳಿ ಸೀರೆ ಅಲ್ಲ, ಬಿಳಿ ಗೌನಿನ ತಾಯಿ ಎದ್ದು ದಾರಿಯಲ್ಲಿ ಬಂದು ಎರಡೂ ಪಾದಗಳನ್ನು ಅಷ್ಟು ವೇಗವಾಗಿ ಹಾಕಿದರು. ಪಕ್ಕದ ಇಬ್ಬರು ಹೆಂಗಸರು ಅವರು ಬೀಳದ ಹಾಗೆ ಕೈ ಚಾಚಿ ನಿಂತಿದ್ದರು. ಯಾರೂ ಅವರನ್ನು ನೋಡಿ ಬೆರಗಾಗಲಿಲ್ಲ. ಅದು ಅಲ್ಲಿ ಭಾನುವಾರದ ಮಾಮೂಲಿ ವಿಷಯ. ಅದಕ್ಕೆ ಅವರು ಶೌಟ್ ಅನ್ನುತ್ತಾರೆ.

ಡ್ರಮ್ಸ್ ಹಿಂದೆ ಒಬ್ಬ ಪುಟ್ಟ ಹುಡುಗ ನಿಂತಿದ್ದ. ಕೈಯಲ್ಲಿ ಕಡ್ಡಿ ಇತ್ತು, ಡ್ರಮ್ ಇರಲಿಲ್ಲ. ದೊಡ್ಡವರು ಹೊಡೆದದ್ದನ್ನೆಲ್ಲ ಗಾಳಿಯಲ್ಲಿ ಹೊಡೆಯುತ್ತಿದ್ದ. ಅಮೆರಿಕದ ಎಷ್ಟೋ ದೊಡ್ಡ ವಾದಕರು ಹೀಗೇ ತಯಾರಾದವರು.

ಅಲ್ಲಿ ಕೂತು ಬಂದ ಮೇಲೆ 'ಥ್ಯಾಂಕ್‌ಫುಲ್' ಕೇಳಿದರೆ ಯಾವುದೂ ಹೊಸದು ಅನ್ನಿಸುವುದಿಲ್ಲ. ಕಂಪ್ಯೂಟರ್ ಬೀಟ್ ಇದೆ ನಿಜ. ಆದರೆ ಆ ಬೀಟ್ ಮಾಡುವ ಕೆಲಸ ಆ ಡ್ರಮ್ಮರ್ ಮಾಡುತ್ತಿದ್ದ ಕೆಲಸವೇ.

ಆರ್ಗನ್_ಪ್ರಿಯ

ಡಲ್ಲಾಸ್ ಸರ್, ನೀವು ಪಾದದ ವಿಷಯ ಬರೆದಿರಿ, ನಾನು ಅದನ್ನೇ ಹೇಳಬೇಕು ಅಂತಿದ್ದೆ.

ಅಮೆರಿಕದಲ್ಲಿ ಗುಲಾಮಗಿರಿ ಇದ್ದ ಕಾಲ. 1739ರಲ್ಲಿ ದಕ್ಷಿಣ ಕ್ಯಾರೊಲಿನಾದ ಸ್ಟೋನೋದಲ್ಲಿ ಗುಲಾಮರು ದಂಗೆ ಎದ್ದರು. ಡೋಲು ಬಾರಿಸಿ ಜನ ಸೇರಿಸಿದ್ದರು. ಮರುವರ್ಷ ಬಂದ ಕಾನೂನಿನಲ್ಲಿ ಅವರು ಡೋಲು ಇಟ್ಟುಕೊಳ್ಳುವ ಹಾಗಿಲ್ಲ ಅಂತ ಆಯಿತು. ಡೋಲು ಹೋಯಿತು, ತಾಳ ಹೋಗಲಿಲ್ಲ. ಚಪ್ಪಾಳೆ, ತೊಡೆ ತಟ್ಟುವುದು, ಕೋಲಿನಿಂದ ಹಲಗೆ ನೆಲ ಕುಟ್ಟುವುದು, ಪಾದ, ಇವುಗಳಿಗೆ ಹೋಗಿ ಸೇರಿಕೊಂಡಿತು.

ಜಾರ್ಜಿಯಾ, ದಕ್ಷಿಣ ಕ್ಯಾರೊಲಿನಾ ಕರಾವಳಿಯಲ್ಲಿ ರಿಂಗ್ ಶೌಟ್ ಅಂತ ಒಂದು ಆರಾಧನೆ ಇದೆ. ಒಬ್ಬರು ಹಾಡು ಎತ್ತುತ್ತಾರೆ, ಸುತ್ತ ನಿಂತವರು ಎತ್ತಿಕೊಡುತ್ತಾರೆ, ಉಳಿದವರು ವೃತ್ತವಾಗಿ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಜರುಗುತ್ತಾ ಸುತ್ತುತ್ತಾರೆ. ಅದರಲ್ಲಿ ಒಂದು ಕಟ್ಟುನಿಟ್ಟಿನ ನಿಯಮ. ಕಾಲ ಮೇಲೆ ಕಾಲು ಹಾಯಬಾರದು. ಹಾಯ್ದರೆ ಅದು ಕುಣಿತ, ಕುಣಿತ ಲೋಕದ್ದು. ಪಾದವನ್ನು ನೆಲಕ್ಕೆ ಉಜ್ಜಿಕೊಂಡೇ ಸರಿಯಬೇಕು. ಜಾರ್ಜಿಯಾದ ಮ್ಯಾಕಿಂಟೋಷ್ ಕೌಂಟಿಯ ಜನ ಇವತ್ತಿಗೂ ಇದನ್ನು ಉಳಿಸಿಕೊಂಡಿದ್ದಾರೆ, ಅವರ ವಿಡಿಯೋಗಳು ಸಿಗುತ್ತವೆ, ಪಾದಗಳನ್ನೇ ನೋಡಿ.

ಈಗ 'ಶ್ಯಾಕಲ್ಸ್' ಪಲ್ಲವಿ ನೆನೆಸಿಕೊಳ್ಳಿ. ಕಾಲಿಗೆ ನಿಜವಾಗಿ ಸಂಕೋಲೆ ಹಾಕಿಸಿಕೊಂಡಿದ್ದವರ ಮೊಮ್ಮಕ್ಕಳ ಮೊಮ್ಮಕ್ಕಳು ಸಂಕೋಲೆ ಬಿಡಿಸು, ಕುಣಿಯಬೇಕು ಅಂತ ಹಾಡುತ್ತಿದ್ದಾರೆ. ಇದನ್ನು ಬರೀ ಕ್ಲಬ್ ಹಾಡು ಅಂತ ಹೇಗೆ ಕರೆಯೋದು? ಅದೇ ಆಲ್ಬಂನಲ್ಲಿ 'ವೇಡ್ ಇನ್ ದ ವಾಟರ್' ಅನ್ನೋ ಗುಲಾಮಗಿರಿ ಕಾಲದ ಸ್ಪಿರಿಚುವಲ್ (ಭಕ್ತಿಗೀತೆ) ಕೂಡ ಇದೆ. ಇವರಿಗೆ ತಾವು ಎಲ್ಲಿಂದ ಬಂದೆವು ಅಂತ ಚೆನ್ನಾಗಿ ಗೊತ್ತು.

ಅಕ್ಕಾ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಾಡು ಯಾರ ಕೈಯಲ್ಲಿದೆ ಅನ್ನೋದು ದೊಡ್ಡ ಪ್ರಶ್ನೆಯೇ. ಆದರೆ ಈ ಜಗಳ ಕೊಲಂಬಿಯಾದಿಂದ ಶುರುವಾದದ್ದಲ್ಲ. ಇವತ್ತು ನಾವು 'ಶುದ್ಧ ಗಾಸ್ಪೆಲ್' ಅನ್ನೋದನ್ನು ಕಟ್ಟಿದ ಥಾಮಸ್ ಡಾರ್ಸಿ ಒಂದು ಕಾಲಕ್ಕೆ 'ಜಾರ್ಜಿಯಾ ಟಾಮ್' ಅನ್ನೋ ಹೆಸರಲ್ಲಿ ಪೋಲಿ ಬ್ಲೂಸ್ ಹಾಡುಗಳನ್ನು ನುಡಿಸುತ್ತಿದ್ದವರು. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡರು, ಕೂಸೂ ಉಳಿಯಲಿಲ್ಲ. ಆ ದುಃಖದಲ್ಲಿ ಬರೆದ 'ಪ್ರೆಷಸ್ ಲಾರ್ಡ್' ಇವತ್ತು ಜಗತ್ತಿನ ಎಲ್ಲ ಚರ್ಚ್‌ಗಳಲ್ಲೂ ಹಾಡುತ್ತಾರೆ. ಅವರ ಹಾಡುಗಳಲ್ಲಿ ಬ್ಲೂಸ್ ವಾಸನೆ ಇದೆ ಅಂತ ಶಿಕಾಗೋದ ದೊಡ್ಡ ದೊಡ್ಡ ಸಭೆಗಳು ಮೊದಲು ಬಾಗಿಲು ಹಾಕಿದ್ದವು. ಸಿಸ್ಟರ್ ರೊಸೆಟ್ಟಾ ಥಾರ್ಪ್ ಗಿಟಾರ್ ಹಿಡಿದು 1938ರಲ್ಲಿ ನ್ಯೂಯಾರ್ಕ್‌ನ ಕಾಟನ್ ಕ್ಲಬ್‌ನಲ್ಲಿ ಹಾಡಿದಾಗಲೂ ಸಭೆಯವರು ಸಿಟ್ಟಾದರು. 'ಓ ಹ್ಯಾಪಿ ಡೇ' ಅನ್ನೋ ಗಾಸ್ಪೆಲ್ ಹಾಡು 1969ರಲ್ಲಿ ಪಾಪ್ ಚಾರ್ಟ್ ಏರಿದಾಗಲೂ ಅಷ್ಟೇ.

ಕೋರಸ್_ಹುಡುಗಿ

ಇಲ್ಲಿ ಕ್ಲಾರ್ಕ್ ಸಿಸ್ಟರ್ಸ್ ಹೆಸರು ಇನ್ನೂ ಯಾರೂ ಹೇಳಿಲ್ಲ! ಡೆಟ್ರಾಯಿಟ್‌ನ ಅಕ್ಕತಂಗಿಯರು. ಅವರಿಲ್ಲದೆ ಮೇರಿ ಮೇರಿ ಇಲ್ಲ. 'ಯೂ ಬ್ರಾಟ್ ದ ಸನ್‌ಶೈನ್' ಹಾಡು 80ರ ದಶಕದ ಆರಂಭದಲ್ಲೇ ನ್ಯೂಯಾರ್ಕ್‌ನ ಡಾನ್ಸ್ ಕ್ಲಬ್‌ಗಳಲ್ಲಿ ಓಡಿತು. ಬೇಸ್ ನಡೆ ಕೇಳಿದರೆ ರೆಗ್ಗೆ ಥರ ಇದೆ. ಅವರ ತಾಯಿ ಮ್ಯಾಟಿ ಮಾಸ್ ಕ್ಲಾರ್ಕ್, ಮೇರಿ ಮೇರಿ ಬೆಳೆದ ಆ ಇಡೀ ಪಂಗಡದ ಕಾಯರ್ ಸಂಗೀತಕ್ಕೆ ಗುರು. ಆ ತಾಯಿ 1983ರಲ್ಲಿ ಮಕ್ಕಳ ಜೊತೆ ಗ್ರ್ಯಾಮಿ ವೇದಿಕೆಯಲ್ಲಿ ಹಾಡಿದ್ದಕ್ಕೆ ಪಂಗಡದ ಹಿರಿಯರಿಂದ ಬೈಸಿಕೊಂಡರು, ಆಮೇಲೆ ಅವರು ಮಕ್ಕಳ ಜೊತೆ ವೇದಿಕೆ ಹತ್ತುವುದನ್ನೇ ಬಿಟ್ಟರು. ಇದು ಓದಿದಾಗ ನನಗೆ ತುಂಬ ಬೇಜಾರಾಯಿತು. ಅಷ್ಟು ವರ್ಷ ಅವರ ಕೈಯಲ್ಲಿ ಕಲಿತವರೇ ಅಲ್ವಾ ಅವರೆಲ್ಲ.

ನಾನು ಸೊಪ್ರಾನೊ (ಹೆಂಗಸರ ಮೇಲಿನ ದನಿ) ಹಾಡುವವಳು, ಒಂದು ವಿಷಯ ಗಮನಿಸಿದ್ದೇನೆ. ಮೇರಿ ಮೇರಿ ಹಾಡುಗಳಲ್ಲಿ ಇಬ್ಬರ ದನಿ ಎಲ್ಲಿ ಬೇರೆ ಆಗುತ್ತದೆ, ಎಲ್ಲಿ ಒಂದಾಗುತ್ತದೆ ಅಂತ ಹುಡುಕೋಕೆ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು. ಟೀನಾ ದನಿ ಸ್ವಲ್ಪ ಒರಟು, ತುದಿಯಲ್ಲಿ ಉರಿ ಇದೆ. ಎರಿಕಾ ದನಿ ದುಂಡಗೆ. ಒಂದೇ ಪದದ ಕೊನೆಯ ಅಕ್ಷರವನ್ನು ಇಬ್ಬರೂ ಒಂದೇ ಕ್ಷಣಕ್ಕೆ ಬಿಡುತ್ತಾರೆ. ಇದು ಸ್ಟುಡಿಯೋದಲ್ಲಿ ಬರುವ ಗುಣ ಅಲ್ಲ, ಚಿಕ್ಕಂದಿನಿಂದ ಒಂದೇ ಅಡುಗೆಮನೆಯಲ್ಲಿ ಹಾಡಿಕೊಂಡವರಿಗೆ ಬರುವ ಗುಣ.

ಬಲ್ಮಠ_ಓದುಗ

ಮಂಗಳೂರಿನಿಂದ ಒಂದು ಮಾತು. ಆರಾಧನೆಗೆ ಯಾರ ರಾಗ ಅನ್ನೋ ಪ್ರಶ್ನೆ ನಮ್ಮ ಕನ್ನಡ ಸಭೆಗಳಿಗೂ ಹಳೆಯದು. ಬಾಸೆಲ್ ಮಿಷನ್‌ನವರು 1834ರಲ್ಲಿ ಇಲ್ಲಿಗೆ ಬಂದರು. ಕನ್ನಡದಲ್ಲಿ ಸ್ತುತಿಗೀತೆ ಬರೆದರು, ಆದರೆ ಬಹಳಷ್ಟು ಹಾಡುಗಳಿಗೆ ಧಾಟಿ ಜರ್ಮನಿಯದು. ಕನ್ನಡದ ಹ್ರಸ್ವ ದೀರ್ಘ ಆ ಧಾಟಿಗೆ ಹೊಂದುವುದಿಲ್ಲ. ಎಳೆಯಬಾರದ ಕಡೆ ಎಳೆಯಬೇಕು, ಒತ್ತು ಎಲ್ಲೋ ಬೀಳುತ್ತದೆ. ನಿಘಂಟಿನ ಕಿಟ್ಟೆಲ್ ಅವರಿಗೆ ಇದು ಹೊಳೆದಿತ್ತು. 1862ರಲ್ಲಿ ಅವರು ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ 'ಕಥಾಮಾಲೆ' ಅಂತ ಬರೆದರು.

ಈಗ ತಮಾಷೆಯ ಮಾತಲ್ಲ, ನಮ್ಮ ಸಭೆಗಳಲ್ಲಿ ಹಿರಿಯರು 'ನಮ್ಮ ಸಂಪ್ರದಾಯ' ಅಂತ ಕಾಪಾಡುತ್ತಿರುವುದು ಆ ಜರ್ಮನ್ ಧಾಟಿಗಳನ್ನು. ನನಗೂ ಅವು ಪ್ರೀತಿಯ ಹಾಡುಗಳೇ, ಅಜ್ಜಿ ಹಾಡುತ್ತಿದ್ದರು. ಆದರೆ ಹುಡುಗರು ರಿದಂ ಪ್ಯಾಡ್ ತಂದರೆ 'ಪರದೇಶದ್ದು' ಅಂತ ಬೈಯೋದು ಸರಿಯಾಗಿ ಕಾಣುವುದಿಲ್ಲ. ಎರಡೂ ಹಡಗಿನಲ್ಲೇ ಬಂದದ್ದು.

ಶಾಂತಿನಗರದ_ಅಕ್ಕ

ಬಲ್ಮಠದವರೇ, ಧಾಟಿಯ ವಿಷಯ ಒಪ್ಪಿದೆ. ಹ್ರಸ್ವ ದೀರ್ಘದ ಆ ಕಷ್ಟ ನಾನೂ ಬಾಯಲ್ಲಿ ಅನುಭವಿಸಿದ್ದೇನೆ. ರಿಂಗ್ ಶೌಟ್ ವಿಷಯ ಓದಿ ವಿಡಿಯೋ ಹುಡುಕಿ ನೋಡಿದೆ. ಅಲ್ಲಿ ಮೈಕ್ ಇಲ್ಲ, ವೇದಿಕೆ ಇಲ್ಲ, ನೋಡುವವರು ಅಂತ ಬೇರೆ ಯಾರೂ ಇಲ್ಲ, ಎಲ್ಲರೂ ವೃತ್ತದಲ್ಲೇ ಇದ್ದಾರೆ. ನಾನು ಹೇಳುತ್ತಿರುವುದೂ ಇದನ್ನೇ! ಡೋಲು, ಕುಣಿತ ನನಗೆ ತಕರಾರಲ್ಲ. ವೃತ್ತ ಮುರಿದು ವೇದಿಕೆ ಮಾಡಿದ್ದು ತಕರಾರು. ರೆಕಾರ್ಡ್ ಅನ್ನೋ ವಸ್ತುವೇ ಆ ವೃತ್ತವನ್ನು ಮುರಿಯುತ್ತದೆ. ಹಾಡುವವರು ಅಲ್ಲಿ, ಕೇಳುವವರು ಇಲ್ಲಿ. ಈ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ.

ಒಂದು ಹಾಡು ಮಾತ್ರ ನನ್ನ ಮನಸ್ಸು ಹಿಡಿದಿದೆ. 'ಕಾಂಟ್ ಗಿವ್ ಅಪ್ ನೌ'. ಅದರ ಪಲ್ಲವಿ ಅವರದಲ್ಲ ಗೊತ್ತಾ? ಕರ್ಟಿಸ್ ಬರೆಲ್ ಬರೆದದ್ದು, ರೆವರೆಂಡ್ ಜೇಮ್ಸ್ ಕ್ಲೀವ್‌ಲ್ಯಾಂಡ್ 1978ರಲ್ಲಿ ದೊಡ್ಡ ಕಾಯರ್ ಜೊತೆ ಹಾಡಿ ಮನೆಮಾತು ಮಾಡಿದ್ದು. ದಾರಿ ಸುಲಭ ಅಂತ ನನಗೆ ಯಾರೂ ಹೇಳಿರಲಿಲ್ಲ, ಇಷ್ಟು ದೂರ ಕರೆತಂದವನು ಈಗ ಕೈ ಬಿಡುವುದಿಲ್ಲ ಅನ್ನೋ ಅರ್ಥ. ಈ ಹುಡುಗಿಯರು ಪಲ್ಲವಿಗೆ ಕೈ ಹಚ್ಚಲಿಲ್ಲ, ತಮ್ಮ ಚರಣ ಮಾತ್ರ ಸೇರಿಸಿದರು. ಮನೆಯವರು ಆಸ್ಪತ್ರೆಯಲ್ಲಿದ್ದಾಗ ಮಗಳು ಇದನ್ನು ಫೋನಿನಲ್ಲಿ ಹಾಕಿ ನನ್ನ ಕಿವಿಗೆ ಇಟ್ಟಳು.

ಆರ್ಗನ್_ಪ್ರಿಯ

ಅಕ್ಕಾ, ವೃತ್ತದ ಮಾತು ನಾನು ಇದುವರೆಗೆ ಕೇಳಿದ್ದರಲ್ಲೇ ಗಟ್ಟಿಯಾದ ಆಕ್ಷೇಪ. ಬೀಟ್ ಯಾರದು ಅಂತ ಎಷ್ಟು ಸಾಬೀತು ಮಾಡಿದರೂ ಅದಕ್ಕೆ ಉತ್ತರ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ನೀವೇ ಕೊನೆಗೆ ಬರೆದ ಮಾತು ನೋಡಿ. ಒಂದು ಹಾಡು ಶಿಕಾಗೋ ಕಡೆಯ ಸಭೆಯಿಂದ ರೆಕಾರ್ಡಿಗೆ ಹೋಗಿ, ಅಲ್ಲಿಂದ ಇಂಗಲ್‌ವುಡ್‌ನ ಇಬ್ಬರು ಹುಡುಗಿಯರ ಬಾಯಿಗೆ ಬಂದು, ಮತ್ತೆ ರೆಕಾರ್ಡಾಗಿ, ನಿಮ್ಮ ಮಗಳ ಫೋನಿನಿಂದ ಆಸ್ಪತ್ರೆಯಲ್ಲಿ ನಿಮ್ಮ ಕಿವಿಗೆ ಬಂತು. ಆ ಹೊತ್ತಿಗೆ ನಿಮ್ಮ ಸಭೆಯವರು ಯಾರೂ ಅಲ್ಲಿರಲಿಲ್ಲ. ಹಾಡು ಇತ್ತು. ರೆಕಾರ್ಡ್ ವೃತ್ತವನ್ನು ಮುರಿಯುತ್ತದೆ ನಿಜ, ವೃತ್ತಕ್ಕೆ ಬರಲಾಗದವರ ಹತ್ತಿರ ಹೋಗುವುದೂ ಅದೇ. ಮನೆಯವರು ಈಗ ಹೇಗಿದ್ದಾರೆ ಅಕ್ಕಾ?

ಹಳೇ_ಕ್ಯಾಸೆಟ್

ಮಧ್ಯದ ಭಾಗ ಕೇಳಿದೆ ಸರ್. ದೇವರ ಹೆಸರು ಸ್ಪಷ್ಟವಾಗಿಯೇ ಇದೆ. ಆ ತಕರಾರು ಹಿಂದೆ ತೆಗೆದುಕೊಂಡೆ.

ಆದರೆ ಆಲ್ಬಂ ಪೂರ್ತಿ ಒಂದೇ ಮಟ್ಟದಲ್ಲಿ ಇಲ್ಲ, ಅದನ್ನೂ ಹೇಳಬೇಕು. ಬಿಬಿ ಜೇ ರ‍್ಯಾಪ್ ಇರುವ 'ಐ ಸಿಂಗ್ಸ್' ಆ ಕಾಲದ ಶೈಲಿಗೆ ಕಟ್ಟುಬಿದ್ದಿದೆ. ಡ್ರಮ್ ಸದ್ದು ಕೇಳಿದರೇ ಅದು 2000ದ ಹಾಡು ಅಂತ ಗೊತ್ತಾಗುತ್ತದೆ. 'ಕಾಂಟ್ ಗಿವ್ ಅಪ್ ನೌ' ಹಾಗಲ್ಲ, ಅದಕ್ಕೆ ವಯಸ್ಸೇ ಆಗಿಲ್ಲ. ಅಂದರೆ ಬೀಟ್ ಜಾಸ್ತಿ ಫ್ಯಾಶನ್ ಕಡೆ ವಾಲಿದಷ್ಟೂ ಬೇಗ ಹಳೆಯದಾಗುತ್ತದೆ. ಡೆಸ್ಟಿನೀಸ್ ಚೈಲ್ಡ್ ಇರುವ 'ಗುಡ್ ಟು ಮೀ' ಕೂಡ ನನಗೆ ಅಷ್ಟಕ್ಕಷ್ಟೇ. ದನಿ ಜಾಸ್ತಿ, ಜಾಗ ಕಮ್ಮಿ.

ಡಲ್ಲಾಸ್_ಕನ್ನಡಿಗ

ಇದಕ್ಕೆ ಗಾಸ್ಪೆಲ್ ಕಲಾವಿದ ಕರ್ಕ್ ಫ್ರಾಂಕ್ಲಿನ್ ಅವರ 'ಸ್ಟಾಂಪ್' ಒಳ್ಳೇ ಹೋಲಿಕೆ. 1997. ನಮ್ಮ ಡಲ್ಲಾಸ್‌ನ 'ಗಾಡ್ಸ್ ಪ್ರಾಪರ್ಟಿ' ಕಾಯರ್ ಜೊತೆ ಮಾಡಿದ್ದು. ಫಂಕಡೆಲಿಕ್ ತಂಡದ 1978ರ ಫಂಕ್ ಹಾಡಿನ ತುಂಡನ್ನು ತಳದಲ್ಲಿ ಇಟ್ಟು, ಸಾಲ್ಟ್ ಎನ್ ಪೆಪಾ ತಂಡದ ಸಾಲ್ಟ್ ಅವರಿಂದ ರ‍್ಯಾಪ್ ಮಾಡಿಸಿದರು. ಎಂಟಿವಿಯಲ್ಲಿ ದಿನವೂ ಬಂತು. ಆ ಆಲ್ಬಂ ಅಮೆರಿಕದ ಮುಖ್ಯ ಚಾರ್ಟ್‌ನಲ್ಲಿ 3ನೇ ಸ್ಥಾನಕ್ಕೆ ಹೋಯಿತು. ಗಾಸ್ಪೆಲ್ ಅತಿಯಾಯಿತು ಅನ್ನುವವರಿಗೆ ಉತ್ತರ ಹಾಡಿನ ಶುರುವಿನಲ್ಲೇ ಇದೆ. ಅವರು ಬಾಗಿಲು ತೆರೆದಿದ್ದಕ್ಕೇ ಮೂರು ವರ್ಷಕ್ಕೆ ಮೇರಿ ಮೇರಿಗೆ ರೇಡಿಯೋದಲ್ಲಿ ಜಾಗ ಸಿಕ್ಕಿದ್ದು. ಅಲ್ಲಿ ಬೀಟ್ ಹಳೆಯದಾದರೂ ಹಾಡು ಉಳಿದಿದೆ, ಯಾಕೆಂದರೆ ಆ ಕಾಯರ್ ನಿಜವಾದ ಕಾಯರ್, ಎಲ್ಲ ಯುವಜನರ ದನಿ, ಒಟ್ಟಿಗೆ ನಿಂತು ಹಾಡಿದ್ದು. ಶಾಂತಿನಗರದ ಅಕ್ಕ ಹೇಳುವ ವೃತ್ತ ಅಲ್ಲಿ ಸ್ವಲ್ಪ ಕೇಳಿಸುತ್ತದೆ.

ಹೊಸಬ_ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಕ್ರೈಸ್ತ ಅಲ್ಲ, ಹಿಪ್‌ಹಾಪ್ ಕೇಳುವವನು. ಈ ಚರ್ಚೆ ಮೊದಲಿಂದ ಓದಿದೆ. 'ಥ್ಯಾಂಕ್‌ಫುಲ್' ಆದ ಮೇಲೆ ಮುಂದೆ ಏನು ಕೇಳಲಿ? ಬೀಟ್ ಚೆನ್ನಾಗಿರಬೇಕು, ಆದರೆ ಬೇರು ಗೊತ್ತಾಗಬೇಕು.

ಕೋರಸ್_ಹುಡುಗಿ

ಮೇರಿ ಮೇರಿ ಅವರದೇ 2008ರ 'ದ ಸೌಂಡ್' ಮೊದಲು ಕೇಳಿ. 'ಗಾಡ್ ಇನ್ ಮಿ' ಅದರಲ್ಲಿದೆ. ಅದರಲ್ಲಿ ಜೊತೆಗೆ ಹಾಡಿದವರು ಕಿಯೆರಾ ಶೀರ್ಡ್, ಕ್ಲಾರ್ಕ್ ಸಿಸ್ಟರ್ಸ್‌ನ ಕ್ಯಾರೆನ್ ಅವರ ಮಗಳು. 'ಥ್ಯಾಂಕ್‌ಫುಲ್'ಗಿಂತ ಬೀಟ್ ಇನ್ನೂ ಗಟ್ಟಿ. ಆಮೇಲೆ ಹಿಂದೆ ಹೋಗಿ ಕ್ಲಾರ್ಕ್ ಸಿಸ್ಟರ್ಸ್.

ಆರ್ಗನ್_ಪ್ರಿಯ

ಅದರ ಜೊತೆ ಅರೀಥಾ ಫ್ರಾಂಕ್ಲಿನ್ 1972ರಲ್ಲಿ ಲಾಸ್ ಏಂಜಲೀಸ್‌ನ ಚರ್ಚ್ ಒಂದರಲ್ಲೇ ರೆಕಾರ್ಡ್ ಮಾಡಿದ 'ಅಮೇಜಿಂಗ್ ಗ್ರೇಸ್'. ಪಿಯಾನೋದಲ್ಲಿ ಇರುವವರು ಅಕ್ಕ ಹೇಳಿದ ಅದೇ ಜೇಮ್ಸ್ ಕ್ಲೀವ್‌ಲ್ಯಾಂಡ್. ಸಭೆಯ ಜನರ ಕೂಗು, ಚಪ್ಪಾಳೆ, ಬೆಂಚಿನ ಸದ್ದು ಎಲ್ಲ ಒಳಗೇ ಇದೆ, ಯಾವುದನ್ನೂ ಒರೆಸಿಲ್ಲ. ಅಕ್ಕಾ, ಇದು ನಿಮಗೂ. ರೆಕಾರ್ಡ್‌ನಲ್ಲಿ ವೃತ್ತ ಉಳಿಯಬಹುದಾ ಅಂತ ಕೇಳಿ ಹೇಳಿ.

ಶಾಂತಿನಗರದ_ಅಕ್ಕ

ಕೇಳುತ್ತೇನೆ ತಮ್ಮಾ. ಮನೆಯವರು ಈಗ ಆರಾಮಾಗಿದ್ದಾರೆ, ದೇವರ ದಯೆ. ಆದರೂ ಭಾನುವಾರ ಮೈಕ್ ಸದ್ದು ಕಮ್ಮಿ ಮಾಡಿ ಅಂತ ನಾನು ಹೇಳುತ್ತಲೇ ಇರುತ್ತೇನೆ. ಧಾರವಾಡದ ತಮ್ಮ, ನೀವು ಸ್ನೇರ್ ಹೊಡೆಯಿರಿ, ಬೇಡ ಅನ್ನುವುದಿಲ್ಲ. ನನ್ನ ಪಕ್ಕದವಳ ದನಿ ನನಗೆ ಕೇಳುವಷ್ಟು ಮಾತ್ರ.

ಡ್ರಮ್‌ಕಡ್ಡಿ_ಧಾರವಾಡ

ಆಯ್ತು ಅಕ್ಕಾ. ಮುಂದಿನ ವಾರ ಪ್ರ್ಯಾಕ್ಟೀಸಿನಲ್ಲಿ ಕೋಲು ಬಿಟ್ಟು ಬ್ರಷ್‌ನಲ್ಲಿ ನುಡಿಸಿ ನೋಡುತ್ತೇವೆ, ಮೊದಲು 'ಕಾಂಟ್ ಗಿವ್ ಅಪ್ ನೌ'. ಪಲ್ಲವಿಗೆ ಎರಡು, ನಾಲ್ಕರ ಚಪ್ಪಾಳೆ ಸಭೆಗೇ ಬಿಡೋಣ ಅಂತಿದ್ದೇನೆ. ಯಾರ ಹತ್ತಿರವಾದರೂ ಅದರ ಕಾರ್ಡ್ಸ್ ಇದ್ದರೆ ಇಲ್ಲೇ ಹಾಕಿ.